ಅಕ್ಕನ ರ‍್ಯಾಕೆಟ್ಟಿಗೆ ತೆಂಗಿನ ಹುರಿ

ಟೆನಿಸ್ ರ‍್ಯಾಕೆಟ್ಟಿನ ಹಿಡಿ ದೂರದಿಂದ ನೋಡುವವರಿಗೆ ಗುಂಡಗೆ ಕಾಣುತ್ತದೆ. ವಾಸ್ತವದಲ್ಲಿ ಅದಕ್ಕೆ ಎಂಟು ಮುಖಗಳಿವೆ. ಅಂಗೈ ಆ ಎಂಟರಲ್ಲಿ ಯಾವುದರ ಮೇಲೆ ಕೂತಿದೆ ಎಂಬುದನ್ನು ಬೆರಳುಗಳು ಕಣ್ಣಿನ ನೆರವಿಲ್ಲದೆ ತಿಳಿದುಕೊಳ್ಳುತ್ತವೆ. ತಂತಿಯ ಬಲೆ ಎತ್ತ ಮುಖ ಮಾಡಿದೆ ಎಂದು ಆಡುವವರಿಗೆ ಗೊತ್ತಾಗುವುದು ಅದರಿಂದಲೇ. ಬೆರಳುಗಳು ಈ ಸಾಕ್ಷ್ಯ ನುಡಿಯದಿದ್ದರೆ ಚೆಂಡು ನೆಟ್ಟಿಗೆ ಹೋಗುತ್ತದೆ, ಇಲ್ಲವೇ ಪಕ್ಕದ ಮನೆಯ ಹಂಚಿಗೆ. ಜೀವಮಾನವಿಡೀ ಆಡಿದ ನಾನು ಈ ಏರ್ಪಾಡನ್ನು ಗಮನಿಸಿರಲಿಲ್ಲ. ಅಕ್ಕನ ಬೆರಳುಗಳು ಸಾಕ್ಷಿ ಹೇಳುವುದನ್ನು ನಿಲ್ಲಿಸಿದ ಮೇಲೆ ಗಮನಿಸಬೇಕಾಯಿತು.

ಅಕ್ಕ ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಆಟದ ಟೀಚರಾಗಿದ್ದು ನಿವೃತ್ತಳಾದವಳು. ಮದುವೆಯಾಗಲಿಲ್ಲ. ಕಾರಣ ಕೇಳಿದವರಿಗೆ "ಪುರುಸೊತ್ತಾಗಲಿಲ್ಲ" ಎನ್ನುವಳು. ನಾನು ಉಡುಪಿಯಲ್ಲಿ ನೋಟರಿ. ಅಂಬಲಪಾಡಿಯಲ್ಲಿ ಮನೆ. ಅನ್ಯರು ನನ್ನ ಎದುರಿನಲ್ಲೇ ಸಹಿ ಹಾಕಿದರೆಂದು ಸಹಿ ಹಾಕುವುದೇ ನಾನು ಈ ಲೋಕಕ್ಕೆ ಸಲ್ಲಿಸಿದ ಸೇವೆ. ಕಣ್ಣಾರೆ ಕಾಣದ್ದಕ್ಕೆ ಮೊಹರು ಒತ್ತಿದವನಲ್ಲ ಎಂಬ ಅಹಂಕಾರವೊಂದನ್ನು ಸಾಕಿಕೊಂಡು ಬಂದಿದ್ದೆ. ಪ್ರತಿ ಭಾನುವಾರ ಬೆಳಿಗ್ಗೆ ಕಾರ್ಕಳಕ್ಕೆ ಹೋಗಿ, ಬಿರುಕು ಬಿಟ್ಟ ಸಿಮೆಂಟ್ ಕೋರ್ಟಿನಲ್ಲಿ ಅಕ್ಕನ ಎದುರು ವಿಧ್ಯುಕ್ತವಾಗಿ ಸೋತು, ಅವಳ ಮನೆಯ ನೀರುದೋಸೆ ತಿಂದು ಹಿಂದಿರುಗುವುದು ನನ್ನ ಧಾರ್ಮಿಕ ಜೀವನವಾಗಿತ್ತು.

ಅವಳಿಗೆ ಒಂದು ವಿದ್ಯೆ ಇತ್ತು. ಆಡುವವರಿಗೆ ಬೆನ್ನು ಹಾಕಿ ನಿಂತು, ಬರೀ ಸದ್ದಿನಿಂದ ಚೆಂಡು ರ‍್ಯಾಕೆಟ್ಟಿನ ಎಲ್ಲಿಗೆ ತಾಗಿತೆಂದು ಹೇಳುತ್ತಿದ್ದಳು. "ಮಧ್ಯ" ಎಂದರೆ ತಂತಿಯ ನಡುಭಾಗ, ಶಹಬ್ಬಾಸ್. "ಫ್ರೇಮು" ಎಂದರೆ ಚೌಕಟ್ಟಿಗೆ ಬಡಿಯಿತು, ಮೈದಾನಕ್ಕೆ ಸುತ್ತು ಓಡು. ಅಲ್ಲಗಳೆದವರು ಇನ್ನೂ ಒಂದು ಸುತ್ತು ಹೆಚ್ಚು ಓಡಿದರೇ ಹೊರತು ಯಾರೂ ಗೆಲ್ಲಲಿಲ್ಲ.

ಎರಡು ವರ್ಷದ ಹಿಂದೆ ಅವಳ ಹೊಟ್ಟೆಯಲ್ಲಿ ಕ್ಯಾನ್ಸರ್ ಕಂಡಿತು. ಮಣಿಪಾಲದಲ್ಲಿ ಆಪರೇಷನ್ ಆಯಿತು, ಕೀಮೋ ಆಯಿತು. ಕೂದಲು ಹೋಯಿತು, ಮರಳಿ ಬಂತು. ಮೊದಲಿಗಿಂತ ಗುಂಗುರಾಗಿಯೇ ಬಂತು. ಬೆರಳುಗಳ ಸ್ಪರ್ಶ ಹೋಯಿತು, ಬರಲಿಲ್ಲ. ಔಷಧಿ ನರಗಳಿಗೆ ತಾಗಿದೆ, ಸ್ಪರ್ಶ ಮರಳಬಹುದು, ಮರಳದೆಯೂ ಇರಬಹುದು ಎಂದರು ಡಾಕ್ಟರು. ಯಾವ ಕಡೆಯಿಂದ ಎಳೆದರೂ ಹರಿಯದ ವಾಕ್ಯ. ನಮ್ಮ ವೃತ್ತಿಯಲ್ಲಿ ಇಂಥದ್ದನ್ನು ಬರೆಯಬಲ್ಲವರು ಈಗ ಕಡಿಮೆ.

ಬ್ಲೌಸಿನ ಹುಕ್ಕು ಹಾಕಲು ಪಕ್ಕದ ಮನೆಯಾಕೆಯನ್ನು ಕರೆಯುವಂತಾಯಿತು. ಕಾದ ಕಾವಲಿ ಮುಟ್ಟಿ ಗುಳ್ಳೆ ಎದ್ದದ್ದು ಅವಳಿಗೆ ತಿಳಿದದ್ದು ಗುಳ್ಳೆಯನ್ನು ನೋಡಿದ ಮೇಲೆ. ಇದ್ಯಾವುದರ ಬಗ್ಗೆಯೂ ಅವಳು ತಕರಾರು ಎತ್ತಲಿಲ್ಲ. ತಕರಾರು ಬಂದದ್ದು ಕೋರ್ಟಿಗೆ ಮರಳಿದ ದಿನ. ಮೊದಲ ಸರ್ವಿಗೇ ರ‍್ಯಾಕೆಟ್ ಅವಳ ಕೈಯಿಂದ ಹಾರಿ, ನೆಟ್ ದಾಟಿ, ನನ್ನ ಕಾಲಬುಡಕ್ಕೆ ಬಂದು ಬಿತ್ತು. ಚೆಂಡು ಅವಳ ಹತ್ತಿರವೇ ಉಳಿಯಿತು.

"ಪಾಯಿಂಟು ಯಾರಿಗೆ?" ಎಂದು ಕೇಳಿದೆ.

"ನಗಾಡಬೇಡ. ತಂದುಕೊಡು."

ಆಮೇಲೆ ಪ್ರತಿ ಹೊಡೆತಕ್ಕೂ ಮೊದಲು ತಲೆ ತಗ್ಗಿಸಿ ತನ್ನ ಕೈಯನ್ನು ನೋಡಿಕೊಂಡಳು. ನೋಡಿ ಮುಗಿಯುವಷ್ಟರಲ್ಲಿ ಚೆಂಡು ದಾಟಿ ಹೋಗಿರುತ್ತಿತ್ತು. ನಾನು ಗೆದ್ದೆ. ಬದುಕಿನಲ್ಲಿ ಅಷ್ಟು ಹೀನವಾದ ಗೆಲುವು ಇನ್ನೊಂದಿಲ್ಲ.

"ಕಸ ಗುಡಿಸುವ ಹಿಡಿಸೂಡಿಯನ್ನೂ ಯಾರೂ ನೋಡಿ ಹಿಡಿಯುವುದಿಲ್ಲ ಮಾರಾಯ," ಎಂದಳು ಬೆಂಚಿನಲ್ಲಿ ಕೂತು. "ನನಗೆ ಬೇರೆ ಎಂತದೂ ಬೇಡ. ಒಂದು ಸೆಟ್ ಆಡಬೇಕು. ಕೈಯನ್ನು ನೋಡದೆ. ಅಷ್ಟೇ."

ಕಾಪುವಿನಲ್ಲಿ ನನ್ನೊಬ್ಬ ಸ್ನೇಹಿತನಿದ್ದಾನೆ. ಗಲ್ಫಿನಲ್ಲಿ ದುಡಿದು, ಮರಳುವಾಗ ಬೇರೆಯವರು ಚಿನ್ನ ತರುವಂತೆ ರ‍್ಯಾಕೆಟ್ಟುಗಳನ್ನು ತಂದವನು. ಸಮುದ್ರದ ಉಪ್ಪುಗಾಳಿಗೆ ತಂತಿ ಹಾಳಾಗುತ್ತದೆಂದು ಅವುಗಳನ್ನು ಏಸಿ ಇರುವ ಕೋಣೆಯಲ್ಲಿ ಮಲಗಿಸಿ, ತಾನು ಚಾವಡಿಯಲ್ಲಿ ಫ್ಯಾನಿನ ಕೆಳಗೆ ಮಲಗುತ್ತಾನೆ. ಅಕ್ಕನನ್ನು ಅವನಲ್ಲಿಗೆ ಕರೆದುಕೊಂಡು ಹೋದೆ. ಅವನು ಒಂದೊಂದನ್ನೇ ವಧುಪರೀಕ್ಷೆಗೆಂಬಂತೆ ತಂದು ಅವಳ ಮುಂದಿಟ್ಟ. ಒಂದರ ಭಾರವೆಲ್ಲ ಹಿಡಿಯಲ್ಲಿ; ಅದು ನೆಟ್ಟಿನ ಹತ್ತಿರ ಚುರುಕಾಗಿ ಆಡುವವರಿಗೆ. ಇನ್ನೊಂದರ ಭಾರ ತಲೆಯಲ್ಲಿ. ಅದು ಹಿಂದೆ ನಿಂತು ಬಡಿಯುವವರಿಗೆ. ಮತ್ತೊಂದು ಎಷ್ಟು ಹಗುರವೆಂದರೆ ಅದನ್ನು ಎತ್ತಿಕೊಂಡ ಮೇಲೂ ಅಕ್ಕ ಮೇಜಿನ ಮೇಲೆ ಹುಡುಕಿದಳು.

"ಇದು ನೋಡಿ ಟೀಚರ್, ಹಿಡಿಯೊಳಗೆ ಫೋಮು ಉಂಟು. ಚೆಂಡು ತಾಗಿದ್ದೇ ತಿಳಿಯುವುದಿಲ್ಲ. ಬೆಣ್ಣೆ!"

"ಈ ಗುಂಡಿಯ ಹಾಗಿರುವುದು?"

"ಅದು ತಂತಿಗೆ ಸಿಕ್ಕಿಸುವ ರಬ್ಬರ್. ಅದುರುವುದು ಕೈಗೆ ಬರಲಿಕ್ಕೇ ಬಿಡುವುದಿಲ್ಲ."

"ಆ ದಪ್ಪದ ಗ್ರಿಪ್ಪು?"

"ಅದರಲ್ಲಿ ಎಂತದೂ ಗೊತ್ತಾಗುವುದಿಲ್ಲ. ಈಗಿನ ಟೆಕ್ನಾಲಜಿ ಎಲ್ಲ ಅದಕ್ಕೇ ಅಲ್ವಾ? ಕೈಗೆ ಗೊತ್ತಾಗಬಾರದು."

ಅಕ್ಕ ಎರಡೂ ಕೈಗಳನ್ನು ಮೇಜಿನ ಮೇಲೆ ಬಿಡಿಸಿಟ್ಟಳು. "ಆ ಟೆಕ್ನಾಲಜಿಯನ್ನು ನನಗೆ ಆಸ್ಪತ್ರೆಯಲ್ಲೇ ಹಾಕಿ ಕಳಿಸಿದ್ದಾರೆ ಮಾರಾಯರೆ. ಗೊತ್ತಾಗುವಂಥದ್ದು ಯಾವುದಾದರೂ ಉಂಟಾ, ಅದನ್ನು ತೋರಿಸಿ."

ಸ್ನೇಹಿತ ಏಸಿ ಕೋಣೆಗೆ ಹೋಗಿ ಬರಿಗೈಯಲ್ಲಿ ಬಂದ. ಅವನ ಸಂಗ್ರಹದಲ್ಲಿ ಅಂಥದ್ದು ಇರಲಿಲ್ಲ. ಎಲ್ಲ ದೇಶಗಳ ಬುದ್ಧಿವಂತರೂ ಸೇರಿ ಮನುಷ್ಯನ ಕೈಗೆ ಸುದ್ದಿ ಮುಟ್ಟದಂತೆ ಮಾಡಲು ಹೆಣಗುತ್ತಿರುವಾಗ, ಸುದ್ದಿಯೇ ಬೇಕೆನ್ನುವ ಗಿರಾಕಿ ಇವಳೊಬ್ಬಳೇ. ಬರುವಾಗ ಕಾರಿನಲ್ಲಿ ಅಕ್ಕ ಹೇಳಿದಳು, "ನನ್ನ ಹಳೆಯದೇ ಸಾಕು."

ಅವಳ ಹಳೆಯದೆಂದರೆ ಭಾರದ, ಬಿರುಸಿನ, ತೊಗಲು ಸುತ್ತಿದ ಒಂದು ಅಸ್ತ್ರ. ಅದರ ತಂತಿಯನ್ನು ಇನ್ನಷ್ಟು ಬಿಗಿ ಮಾಡಿಸಿದೆವು, ಅದುರುವುದು ಚೆನ್ನಾಗಿ ಬರಲಿ ಎಂದು. ಬಂದದ್ದು ಅಂಗೈಯ ಬುಡಕ್ಕೆ ಸ್ವಲ್ಪ ತಿಳಿಯಿತು. ಅಲ್ಲಿ ಇನ್ನೂ ಜೀವವಿತ್ತು. ಎಂಟು ಮುಖಗಳು ಮಾತ್ರ ತಿಳಿಯಲಿಲ್ಲ.

ನಾವು ಹುಟ್ಟಿದ್ದು ಕೆಮ್ಮಣ್ಣು ಎಂಬ ಊರಿನಲ್ಲಿ. ಅಲ್ಲಿ ಬಂಧುವೊಬ್ಬರ ಉತ್ತರಕ್ರಿಯೆಗೆ ಹೋದವರು ಊಟ ಮುಗಿಸಿ ಹೊಳೆಯ ಕಡೆ ಬಂದಾಗ, ದಡಕ್ಕೆ ಎಳೆದಿಟ್ಟ ದೋಣಿಯೊಂದರ ಮುಂದೆ ಅಕ್ಕ ನಿಂತಳು. ಒಳಗೆ ಹುಟ್ಟು ಇತ್ತು. ಕೈ ಬರುವ ಜಾಗದಲ್ಲಿ ತೆಂಗಿನ ನಾರಿನ ಹುರಿ ಸುತ್ತಿ, ಒಂದು ಬದಿಗೆ ಗಂಟು ಹಾಕಿದ್ದರು.

"ಅದು ಎಂತಕ್ಕೆ ಗೊತ್ತುಂಟಾ?"

"ಜಾರದ ಹಾಗೆ."

"ನೀನು ನೋಟರಿಯೇ ಸರಿ. ಗಂಟು ಒಂದೇ ಬದಿಗೆ ಯಾಕೆ? ಮಳೆಗೆ ಕೈ ಮರಗಟ್ಟುತ್ತದೆ ಅಲ್ವಾ. ಆಗ ನೀರಿನೊಳಗೆ ಹುಟ್ಟಿನ ಅಲಗು ಯಾವ ಕಡೆಗೆ ತಿರುಗಿದೆ ಅಂತ ಗಂಟು ಹೇಳಬೇಕು. ದೋಣಿ ನಡೆಸುತ್ತಿದ್ದ ನಮ್ಮ ಸೋದರಮಾವ ಹೇಳಿದ್ದರು. ನೀನು ಆಗ ಏಡಿ ಹಿಡಿಯುತ್ತಿದ್ದೆ."

ಅದೇ ಹೊಳೆಬದಿಯ ಮನೆಯಿಂದ ಒಂದು ಹಿಡಿ ಹುರಿ ಕೇಳಿ ತಂದೆವು. ಕಾರ್ಕಳದಲ್ಲಿ ಅವಳ ಅಡುಗೆಮನೆಯ ನೆಲದಲ್ಲಿ ಕೂತು ಶಸ್ತ್ರಕ್ರಿಯೆ ನಡೆಯಿತು. ಹೇಳುವವಳು ಅವಳು, ಮಾಡುವವನು ನಾನು, ಗಂಟು ಹಾಕುವುದು ಅವಳ ಬೆರಳುಗಳಿಂದ ಆಗದ ಕಾರಣ. ತೊಗಲು ಸುಲಿದೆ. ಹಿಡಿಯ ಮೇಲ್ಮುಖದ ಉದ್ದಕ್ಕೂ ಒಂದು ಹುರಿ ಹಾಸಿ, ಅದು ಅಲುಗಾಡದಂತೆ ಇನ್ನೊಂದನ್ನು ಸುತ್ತಿದೆ. ಅಂಗೈಯ ಬುಡ ಕೂರುವಲ್ಲಿ ಗಂಟು.

"ಬಿಗಿ. ಇನ್ನೂ ಬಿಗಿ. ಮೊಹರು ಒತ್ತಿದ ಹಾಗೆ ಮುಟ್ಟಿ ಬಿಡಬೇಡ ಮಾರಾಯ, ಎಳೆ!"

"ಮೇಲೆ ಒಂದು ಬಟ್ಟೆ ಸುತ್ತುವುದಾ?"

"ಬಟ್ಟೆ ಸುತ್ತಿದರೆ ಮತ್ತೆ ಬೆಣ್ಣೆಯೇ ಆಗ್ತದೆ."

ಹಿಡಿಗೆ ಭಾರ ಬಂದು ತಲೆ ಸಪ್ಪೆಯಾಯಿತೆಂದಳು. ಮಾವನ ಬೀಸುಬಲೆಯಿಂದ ಉಳಿದಿದ್ದ ಸೀಸದ ಮಣಿಗಳನ್ನು ಕಲ್ಲಿನಲ್ಲಿ ಚಪ್ಪಟೆ ಬಡಿದು ಚೌಕಟ್ಟಿನ ತುದಿಗೆ ಟೇಪು ಹಾಕಿ ಅಂಟಿಸಿದೆ. ಬೀಸಿ ನೋಡಿ, ಒಂದು ಮಣಿ ತೆಗೆಸಿ, ಮತ್ತೆ ಬೀಸಿ, ಅರ್ಧ ಮಣಿ ಹಾಕಿಸಿದಳು. ನೋಡಲು ಅದು ಆಟದ ಸಾಮಾನಿನಂತಿರಲಿಲ್ಲ; ಯಾವುದೋ ಹಳೆಯ ಖಟ್ಲೆಯಲ್ಲಿ ಹಾಜರುಪಡಿಸಿದ ಆಯುಧದಂತಿತ್ತು. ಅಕ್ಕ ಕಣ್ಣು ಮುಚ್ಚಿಕೊಂಡು ಅದನ್ನು ಕೈಯಲ್ಲಿ ತಿರುಗಿಸಿದಳು, ನಿಲ್ಲಿಸಿದಳು.

"ಈಗ ನೆಟ್ಟಗೆ ಉಂಟು. ಹೌದಾ?"

ನೆಟ್ಟಗೆ ಇತ್ತು.

ಆ ಭಾನುವಾರ ಅವಳು ಕೈಯನ್ನು ನೋಡಲಿಲ್ಲ. ಸರ್ವು ಮೊದಲಿನ ಜಾಗದಲ್ಲೇ ಬಿದ್ದಿತು. ಅವಳ ಬ್ಯಾಕ್‌ಹ್ಯಾಂಡ್ ನನ್ನನ್ನು ಮೂಲೆಗೆ ಓಡಿಸಿ, ಇನ್ನೊಂದು ಮೂಲೆಗೆ ಹೋಗಿ ನನ್ನನ್ನು ಕಾದಿತು. "ಓಡು! ಹೊಟ್ಟೆ ಇರುವುದು ಹೊರಲಿಕ್ಕೆ ಮಾತ್ರವಾ?" ಎಂದು ಕೂಗಿದಳು. ಅರ್ಧ ಸೆಟ್ ಆಗುವಾಗ ಚೆಂಡಿನ ಮೇಲೆ ಕೆಂಪಾಗಿ ಏನೋ ಮೆತ್ತಿದ್ದು ಕಂಡಿತು. ಕೋರ್ಟಿನ ಸುತ್ತ ಕೆಂಪು ಮುರಮಣ್ಣು. ನಮ್ಮ ಕಡೆ ಯಾವ ವಸ್ತು ಕೆಂಪಾದರೂ ಯಾರೂ ಕಾರಣ ಹುಡುಕುವುದಿಲ್ಲ. ಒರೆಸಿ ಕೊಟ್ಟೆ. ಅವಳು ಸೆಟ್ ಗೆದ್ದಳು. ನೆಟ್ಟಿನ ಹತ್ತಿರ ಬಂದು, ನಿಯಮದಂತೆ, ಕೈಕುಲುಕಲು ಕೈ ಚಾಚಿದಳು. ಆ ಕೈ ಒದ್ದೆಯಾಗಿತ್ತು, ಅಂಟುತ್ತಿತ್ತು.

"ಎಂತ ಮುಖ ಹಾಗೆ? ಸೋತದ್ದು ಹೊಸತಾ ನಿನಗೆ?"

ನಾನು ಅವಳ ಕೈಯನ್ನು ಮಗುಚಿ ಅವಳಿಗೆ ತೋರಿಸಿದೆ. ನಾರು ಬೆರಳುಗಳ ಚರ್ಮವನ್ನು ಸಾಲಾಗಿ ತೆಗೆದಿತ್ತು. ಗಂಟು ಕೂತಿದ್ದ ಕಡೆ ಒಂದು ಗುಳಿ. ಅಲ್ಲಿ ಉಳಿದಿದ್ದ ಜೀವವೂ ಆಟದ ನಡುವೆ ಯಾವಾಗಲೋ ಸುಮ್ಮನಾಗಿದ್ದಿರಬೇಕು. ಅಕ್ಕ ಬೇರೆಯವರ ಕೈಯನ್ನು ನೋಡುವಂತೆ ನೋಡಿದಳು.

"ಯಾವಾಗಿನಿಂದ?" ಎಂದು ನನ್ನನ್ನು ಕೇಳಿದಳು.

ಕೆಂಪು ಕಂಡದ್ದು ಅರ್ಧ ಸೆಟ್ಟಿನಲ್ಲಿ ಎಂದೆ. ಅವಳು ತಲೆಯಾಡಿಸಿ, ಅರ್ಧದ ನಂತರವೇ ತಾನು ಚೆನ್ನಾಗಿ ಆಡಿದ್ದು ಎಂದಳು.

ಗಾಯ ಬೇಗ ಮಾಗಲಿಲ್ಲ. ಜ್ವರ ಬಂತು. ಮಣಿಪಾಲಕ್ಕೆ ಹೋದೆವು. ಡಾಕ್ಟರು ಕೈಗೆ ಬ್ಯಾಂಡೇಜು ಸುತ್ತಿಸಿ, ಇಷ್ಟು ಕಲಿತವರು ನೀವು ಎಂದು ನನ್ನನ್ನು ನೋಡಿ ಹೇಳಿದರು. ನಾರು ಸುತ್ತಿದ್ದು ನಾನೇ ಎಂದು ಒಪ್ಪಿಕೊಂಡೆ. ಬಂದದ್ದೇ ಬಂದಿರಿ ಎಂದು ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ನೋಡಿ ಸ್ಕ್ಯಾನ್ ಮಾಡಿಸಿದರು. ಒಮ್ಮೆ ಸೋತು ಹೋಗಿದ್ದ ಪಕ್ಷ ಮೇಲ್ಮನವಿ ಸಲ್ಲಿಸಿತ್ತು. ಈ ಸಲ ಯಕೃತ್ತಿನಲ್ಲಿ.

ಮತ್ತೆ ಕೀಮೋ. ಹಿಂದಿನದರ ಜೊತೆ ಇನ್ನೊಂದು ಔಷಧಿ. ಅದು ಕಿವಿಗೂ ಸ್ವಲ್ಪ ತಾಗಬಹುದು ಎಂದರು ಡಾಕ್ಟರು.

"ಸ್ವಲ್ಪ ಅಂದರೆ ಎಷ್ಟು?" ಅಕ್ಕ ಕೇಳಿದಳು.

"ಅದು ಹೇಳಲಿಕ್ಕೆ ಬರುವುದಿಲ್ಲ ಮ್ಯಾಡಮ್."

"ಮತ್ತೆ ಸರಿಯಾಗಬಹುದು, ಆಗದೆಯೂ ಇರಬಹುದು. ಅಲ್ವಾ?"

ಡಾಕ್ಟರು ಒಪ್ಪಿಕೊಂಡರು. ವಾಕ್ಯ ತಮ್ಮದೇ ಎಂಬುದು ಅವರಿಗೆ ನೆನಪಿದ್ದಂತಿರಲಿಲ್ಲ.

ಮನೆಗೆ ಬಂದವಳು ಮೊದಲು ರ‍್ಯಾಕೆಟ್ ತರಿಸಿದಳು. "ಇದನ್ನೆಲ್ಲ ಬಿಚ್ಚು. ಕಾಯಿಲೆ ನನಗೆ. ಅದಕ್ಕೆ ಎಂತಕ್ಕೆ ಬ್ಯಾಂಡೇಜು?" ಒಣಗಿ ಕಟ್ಟಿಗೆಯಂತಾಗಿದ್ದ ಹುರಿಯನ್ನು ಕತ್ತಿಯಿಂದ ಕುಯ್ದು ತೆಗೆದೆ. ಸೀಸ ಕಿತ್ತೆ. ತೊಗಲನ್ನು ಮೊದಲಿನಂತೆ ಸುತ್ತಿದೆ. ಇನ್ನು ಇದರಲ್ಲಿ ನೀನು ಆಡು ಎಂದಳು. ಅದು ನನ್ನ ಕೈಗೆ ಹೊಂದುವುದಲ್ಲ, ನನ್ನ ಆಟಕ್ಕೂ ಅಲ್ಲ. ನಾನು ತಳ್ಳಿ ಆಡುವವನು. ಅದು ಬಡಿಯುವವರ ಸಾಮಾನು. ಎರಡು ವಾರದಲ್ಲಿ ಮೊಣಕೈ ಹಿಡಿಯಿತು. ಒಂದು ದಪ್ಪ ಗ್ರಿಪ್ಪು ಹಾಕಿ, ತಂತಿ ಸ್ವಲ್ಪ ಸಡಿಲ ಮಾಡಿಸುತ್ತೇನೆಂದು ಅರಿಕೆ ಮಾಡಿಕೊಂಡೆ.

"ನೋಯುತ್ತದಾ?"

"ನೋಯುತ್ತದೆ."

"ಒಳ್ಳೆಯದು. ಹಾಗೇ ಇರಲಿ."

ಈಗ ಭಾನುವಾರಗಳಲ್ಲಿ ಕಾಪುವಿನ ಸ್ನೇಹಿತ ಚೀಲ ಹೊತ್ತು ಕಾರ್ಕಳಕ್ಕೆ ಬರುತ್ತಾನೆ. ಔಷಧಿಯ ವಾರ ಅಲ್ಲದಿದ್ದರೆ ಅಕ್ಕನೂ ಬಂದು, ಕೋರ್ಟಿಗೆ ಬೆನ್ನು ಹಾಕಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾಳೆ. ಕೂದಲು ಮತ್ತೆ ಹೋಗಿದೆ. ತಲೆಗೆ ಶಾಲೆಯ ಕ್ರೀಡಾಕೂಟದ ಹಳೆಯ ಟೊಪ್ಪಿ. ಅವಳಿಗೆ ಉಳಿದಿರುವ ಟೆನಿಸ್ ಸದ್ದು ಮಾತ್ರ. "ಮಧ್ಯ" ಎನ್ನುತ್ತಾಳೆ. "ಫ್ರೇಮು" ಎನ್ನುತ್ತಾಳೆ. "ಫ್ರೇಮು. ಎರಡು ಸುತ್ತು ಓಡಿಸಬೇಕು ನಿನ್ನನ್ನು."

ಕಳೆದ ಭಾನುವಾರ ಸ್ನೇಹಿತನ ಚೆಂಡು ನಾನೆಣಿಸಿದ್ದಕ್ಕಿಂತ ಬೇಗ ಬಂತು. ತಡವಾಗಿ ಬೀಸಿದೆ. ಚೌಕಟ್ಟಿನ ಅಂಚಿಗೆ ಬಡಿದು ಚೆಂಡು ಮೇಲಕ್ಕೆ ಹಾರಿತು. ನೋವು ಮಣಿಕಟ್ಟಿನಿಂದ ಮೊಣಕೈವರೆಗೆ ಹತ್ತಿತು. ಆ ರ‍್ಯಾಕೆಟ್ಟಿನಲ್ಲಿ ಇಂಥ ವಿಷಯ ತಿಳಿಯದಿರುವ ಸಂಭವವೇ ಇಲ್ಲ. ಸ್ನೇಹಿತನಿಗೂ ಕೇಳಿಸಿತ್ತು.

"ಮಧ್ಯ," ಎಂದಳು ಅಕ್ಕ.

ಸ್ನೇಹಿತ ನನ್ನನ್ನು ನೋಡಿದ. ಆಮೇಲೆ ತನ್ನ ತಂತಿಗಳನ್ನು ಬೆರಳಿನಿಂದ ಸರಿಪಡಿಸತೊಡಗಿದ. ಅವು ಸರಿಯಾಗಿಯೇ ಇದ್ದವು. ಅಕ್ಕ ಕುರ್ಚಿಯಲ್ಲಿ ಸ್ವಲ್ಪ ಅಲುಗಾಡಿದಳು. ತಿರುಗಿ ನೋಡಲಿಲ್ಲ.

"ಮಧ್ಯ ಅಲ್ವಾ?"

"ಹೌದು," ಎಂದೆ. ಅವಳಿಗೆ ಕೇಳಿಸಲೆಂದು ಇನ್ನೊಮ್ಮೆ ಜೋರಾಗಿ ಹೇಳಿದೆ, "ಮಧ್ಯವೇ."