ಮೃತ್ಯುಂಜಯಪ್ಪನವರು ಕೆರೆದ ಚುಕ್ಕೆ

ನನ್ನ ಬಲಗೆನ್ನೆಯ ಮೇಲೆ, ಮೂಗಿಗೆ ಹತ್ತಿರದಲ್ಲಿ, ಅಲಸಂದೆ ಕಾಳಿನ ಗಾತ್ರದ ಒಂದು ನರುಲಿ ಇದೆ. ಇದು ನನ್ನ ಹೆಂಡತಿ ಅಂಬುಜಾಳಿಗೆ ಗೊತ್ತು, ಕ್ಷೌರದವರಿಗೆ ಗೊತ್ತು, ಲಕ್ಷ್ಮೀಪುರಂನ ನಮ್ಮ ಬೀದಿಯ ಮಕ್ಕಳಿಗಂತೂ ಚೆನ್ನಾಗಿಯೇ ಗೊತ್ತು. ನನ್ನ ಓದುಗರಿಗೆ ಮಾತ್ರ ಗೊತ್ತಿಲ್ಲ. ವಾರಕ್ಕೊಮ್ಮೆ ಪತ್ರಿಕೆಗೆ ನಾನು ಬರೆಯುವ ನಗೆಬರಹದ ನೆತ್ತಿಯ ಮೇಲೆ ಅಂಚೆಚೀಟಿಯಷ್ಟು ಅಗಲದ ನನ್ನ ಮುಖ ಅಚ್ಚಾಗುತ್ತಿತ್ತು. ಆ ಮುಖಕ್ಕೆ ನರುಲಿ ಇರಲಿಲ್ಲ. ತೆಗೆದವರು ಮೃತ್ಯುಂಜಯಪ್ಪ. ಕೆನ್ನೆಯಿಂದಲ್ಲ, ನೆಗೆಟಿವ್‌ನಿಂದ.

ನಜರ್‌ಬಾದಿನ ಸದಾಶಿವಯ್ಯನವರ ಸ್ಟುಡಿಯೋಗೆ ಅವರು ಹದಿನಾರನೇ ವಯಸ್ಸಿಗೆ ಸೇರಿದವರು. ಫೋಟೊ ತೆಗೆಯುವುದು ಯಜಮಾನರ ಕೆಲಸ, ತಿದ್ದುವುದು ಇವರ ಕೆಲಸ. ಹಿಂದಿನ ಕೋಣೆಯ ಕಿಟಕಿಯ ಬಳಿ ಒಂದು ಇಳಿಜಾರು ಮೇಜು, ಅದರಲ್ಲಿ ಮಬ್ಬುಗಾಜು, ಗಾಜಿನ ಮೇಲೆ ನೆಗೆಟಿವ್, ಅದರ ಮೇಲೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದ ಮೃತ್ಯುಂಜಯಪ್ಪ. ಆಯುಧಗಳು ಎರಡೇ: ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲು, ಅರ್ಧ ಬ್ಲೇಡು. ನೆಗೆಟಿವ್‌ನಲ್ಲಿ ಎಲ್ಲವೂ ಉಲ್ಟಾ. ಮುಖದ ಕಪ್ಪು ಮಚ್ಚೆ ಅಲ್ಲಿ ಬೆಳ್ಳಗಿರುತ್ತದೆ, ಅದನ್ನು ಪೆನ್ಸಿಲಿನಿಂದ ತುಂಬಬೇಕು. ಬಿಳಿ ಕಲೆ ಕಪ್ಪಗಿರುತ್ತದೆ, ಅದನ್ನು ಬ್ಲೇಡಿನಿಂದ ಕೆರೆಯಬೇಕು. ಪೆನ್ಸಿಲು ತಪ್ಪಿದರೆ ಒರೆಸಿ ಮತ್ತೆ ಹಾಕಬಹುದು. ಕೆರೆದದ್ದು ಮಾತ್ರ ಮತ್ತೆ ಬರುವುದಿಲ್ಲ.

ಮೈಸೂರಿನಲ್ಲಿ ಎಷ್ಟು ಹೆಣ್ಣುಮಕ್ಕಳ ಮೊಡವೆಗಳನ್ನು, ಎಷ್ಟು ವರರ ಸಿಡುಬಿನ ಕಲೆಗಳನ್ನು ಅವರು ತೆಗೆದಿದ್ದಾರೋ ಲೆಕ್ಕವಿಲ್ಲ. ತೀರಿಕೊಂಡವರ ಗುರುತಿನ ಚೀಟಿಯ ಫೋಟೊ ತಂದುಕೊಟ್ಟರೆ ಕೋಟು ತೊಡಿಸಿ, ಹಣೆಗೆ ವಿಭೂತಿ ಇಟ್ಟು, ಅರೆಮುಚ್ಚಿದ ಕಣ್ಣನ್ನೂ ತೆರೆಸಿಕೊಡುತ್ತಿದ್ದರು. ಫೋಟೊದ ಹಿಂದೆ ಬೀಳುತ್ತಿದ್ದದ್ದು ಸದಾಶಿವಯ್ಯನವರ ಸ್ಟುಡಿಯೋದ ರಬ್ಬರ್ ಮುದ್ರೆ.

“ನಾನು ಮಾಡಿದ ಕೆಲಸ ಕಂಡ್ರೆ ಅದು ಕೆಟ್ಟ ಕೆಲಸ ಕಣ್ರೀ. ಕಾಣದೇ ಇದ್ರೆ ಒಳ್ಳೇದು,” ಎಂದು ಒಮ್ಮೆ ನನಗೆ ಹೇಳಿದ್ದರು. ಭೂತಗನ್ನಡಿ ತೆಗೆದಿಟ್ಟು, “ಸಾಯೋದ್ರೊಳಗೆ ಒಂದು ಫೋಟೊದ ಕೆಳಗಾದ್ರೂ ನನ್ನ ಹೆಸ್ರು ನೋಡ್ಬೇಕು,” ಎಂದರು. ನಾನು ನಕ್ಕೆ. ನಗುವುದು ನನ್ನ ವೃತ್ತಿ; ಆ ವಾರದ ಬರಹಕ್ಕೆ ಅದನ್ನು ಬಳಸಿಕೊಂಡೆ ಕೂಡ.

ತೊಂಬತ್ತೇಳರಲ್ಲಿ ಸಂಜೆ ಹೊತ್ತು ಒಂದು ಧೂಮಕೇತು ಕಾಣಿಸಿಕೊಂಡಿತ್ತು. ಯಜಮಾನರು ಅದರ ಫೋಟೊ ಮಾರಬಹುದೆಂದು ಇವರನ್ನು ಮಹಡಿ ಹತ್ತಿಸಿದರು. ಧೂಮಕೇತುವಿನ ಫೋಟೊ ಕೆಟ್ಟಿತು. ರೀಲಿನಲ್ಲಿ ಉಳಿದಿದ್ದ ಫಿಲ್ಮನ್ನು ದಂಡ ಮಾಡಬಾರದೆಂದು ಪಕ್ಕದ ಆಕಾಶಕ್ಕೆ ತಿರುಗಿಸಿ ಹೊಡೆದ ಫೋಟೊದಲ್ಲಿ, ಮಹಾವ್ಯಾಧ ನಕ್ಷತ್ರಪುಂಜದ ಬೇಟೆಗಾರನ ಸೊಂಟದ ಕೆಳಗೆ, ಉಗುರಿನಷ್ಟು ಜಾಗದಲ್ಲಿ ಮಂಜು ಕವಿದಿತ್ತು. ಮೃತ್ಯುಂಜಯಪ್ಪ ಅಭ್ಯಾಸಬಲದಿಂದ ಬ್ಲೇಡು ಎತ್ತಿಕೊಂಡರು. ಪಾಸ್‌ಪೋರ್ಟ್ ಫೋಟೊ ತೆಗೆಸಿಕೊಳ್ಳಲು ಬಂದಿದ್ದ ವಿಜ್ಞಾನದ ಮೇಷ್ಟ್ರು ಸಿದ್ದಲಿಂಗಸ್ವಾಮಿ ಅದನ್ನು ನೋಡಿ ಕೈ ಹಿಡಿದುಕೊಂಡರಂತೆ. ಅದು ಕಲೆಯಲ್ಲ, ನೀಹಾರಿಕೆ. ನಕ್ಷತ್ರಗಳು ಹುಟ್ಟುವ ಅನಿಲ, ಧೂಳಿನ ಮೋಡ ಎಂದು ವಿವರಿಸಿದರಂತೆ.

ಹಾಗೆ ಮೊದಲನೆಯ ಸಲ ಬ್ಲೇಡು ಎತ್ತಿದಾಗ ಪಕ್ಕದಲ್ಲಿ ವಿಜ್ಞಾನದ ಮೇಷ್ಟ್ರು ಇದ್ದರು. ಎರಡನೆಯ ಸಲ ನಾನಿದ್ದೆ.

ಅಲ್ಲಿಂದ ಅವರಿಗೆ ಅದೇ ಹುಚ್ಚಾಯಿತು. ಪ್ರವಾಸಿಗರು ಕಣ್ಣರಳಿಸಿ ನೋಡುವ ಭಾನುವಾರದ ಅರಮನೆ ದೀಪ, ನಕ್ಷತ್ರಗಳನ್ನು ಮಸುಕು ಮಾಡುತ್ತದೆಂದು, ಅವರಿಗೆ ಶತ್ರುವಾಯಿತು. ಕ್ಯಾಮೆರಾ ಹೊತ್ತುಕೊಂಡು ನರಸೀಪುರ ರಸ್ತೆಯಲ್ಲಿದ್ದ ಭಾವಮೈದುನನ ಹೊಲಕ್ಕೆ ಸ್ಕೂಟರಿನಲ್ಲಿ ಹೋಗುತ್ತಿದ್ದರು, ಹಿಂದಿನ ಸೀಟಿನಲ್ಲಿ ಹೆಂಡತಿ ಪ್ರೇಮಲೀಲಾ. ಆಕಾಶ ತಿರುಗುವ ವೇಗಕ್ಕೆ ಕ್ಯಾಮೆರಾನೂ ತಿರುಗಬೇಕಲ್ಲ, ಅದಕ್ಕೆ ಎರಡು ಹಲಗೆ, ಒಂದು ಕೀಲು, ಒಂದು ಉದ್ದನೆಯ ಬೋಲ್ಟು ಸೇರಿಸಿ ಉಪಕರಣ ಮಾಡಿಕೊಂಡಿದ್ದರು. ಬೋಲ್ಟನ್ನು ನಿಮಿಷಕ್ಕೆ ಒಂದು ಸುತ್ತು ಕೈಯಲ್ಲೇ ತಿರುಗಿಸಬೇಕು. ಪ್ರೇಮಲೀಲಾ ಚಾಪೆಯ ಮೇಲೆ ಕೂತು ಗಡಿಯಾರ ನೋಡಿಕೊಂಡು ನಿಮಿಷಕ್ಕೊಂದು ಸಲ “ಹೂಂ” ಅನ್ನುತ್ತಿದ್ದರು. ಇಪ್ಪತ್ತು ಹೂಂಗಳಿಗೆ ಒಂದು ಫೋಟೊ. ಗಂಡ ಹೇಳಿದ್ದಕ್ಕೆಲ್ಲ ಹೂಂ ಅನ್ನುವ ಇಂಥ ಹೆಂಡತಿ ಮೈಸೂರಿನಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ತಮಾಷೆ ಮಾಡಿದ್ದೆ.

ಪ್ರಿಂಟು ಹಾಕುವುದು ಇನ್ನೂ ನಾಜೂಕಿನ ಕೆಲಸ. ನೀಹಾರಿಕೆಯ ನಡುಭಾಗ ಸುಟ್ಟಷ್ಟು ಬೆಳಕು, ಅಂಚು ಇದೆಯೋ ಇಲ್ಲವೋ ಅನ್ನುವಷ್ಟು ತೆಳು. ಚಿತ್ರ ದೊಡ್ಡದು ಮಾಡುವ ಎನ್‌ಲಾರ್ಜರಿನ ಬೆಳಕಿನ ಕೆಳಗೆ ಬೆರಳುಗಳನ್ನು ಆಡಿಸಿ, ಒಂದು ಕಡೆ ನೆರಳು ಕೊಟ್ಟು, ಇನ್ನೊಂದು ಕಡೆ ಬೆಳಕು ಉಣಿಸಿ, ಅಡಗಿದ್ದ ಎಳೆಗಳನ್ನೆಲ್ಲ ಹೊರಗೆ ತರುತ್ತಿದ್ದರು. ಪ್ರಿಂಟುಗಳನ್ನು ಕಂಡವರಿಗೆಲ್ಲ ಹಂಚಿದರು. ಹಾಲು ಉಕ್ಕಿ ಚೆಲ್ಲಿದಂತಿದೆ ಎಂದು ಜನ ಇಸಿದುಕೊಂಡು ಹೋದರು. ಹಿಟ್ಟಿನ ಗಿರಣಿಯ ಗೋಡೆಯ ಮೇಲೆ ಒಂದು ಬಹಳ ದಿನ ಇತ್ತು.

ಎರಡು ಸಾವಿರದ ಹೊತ್ತಿಗೆ ಬೀದಿಗೊಂದು ಇಂಟರ್‌ನೆಟ್ ಸೆಂಟರು ಬಂತು. ಇಂಥದೇ ಹುಚ್ಚಿನವರು ದೇಶವಿದೇಶಗಳಿಂದ ಫೋಟೊ ಹಂಚಿಕೊಳ್ಳುವ ಮೇಲ್ ಗುಂಪೊಂದಿದೆ ಎಂದು ಮೇಷ್ಟ್ರು ಪತ್ತೆ ಹಚ್ಚಿಕೊಟ್ಟರು. ಸೆಂಟರಿನ ಮಧುಶ್ರೀ ಪ್ರಿಂಟನ್ನು ಸ್ಕ್ಯಾನ್ ಮಾಡಿ ಕಳಿಸುತ್ತಿದ್ದಳು. ಇಂಗ್ಲಿಷಿನ ಒಕ್ಕಣೆ ನನ್ನದು. ವಿಮಾ ಕಚೇರಿಯಲ್ಲಿ ಇಪ್ಪತ್ತೈದು ವರ್ಷ ಕಾಗದ ಬರೆದ ನನಗೆ ನನ್ನ ಇಂಗ್ಲಿಷಿನ ಬಗ್ಗೆ ಬೇರೆ ಯಾರಿಗೂ ಇಲ್ಲದಷ್ಟು ಗೌರವವಿತ್ತು. ಫೋಟೊದ ಕೆಳಗೆ “ಕೆ. ಮೃತ್ಯುಂಜಯ, ಮೈಸೂರು” ಎಂದು ಮೊದಲ ಸಲ ಪರದೆಯ ಮೇಲೆ ಮೂಡಿದ ದಿನ ಅವರು ಕುರ್ಚಿ ಬಿಟ್ಟು ಎದ್ದು ನಿಂತರು. ಅದರ ಪ್ರಿಂಟು ಮಡಿಸಿ ಜೇಬಿನಲ್ಲಿ ಇಟ್ಟುಕೊಂಡರು. ಆಮೇಲೆ ಅಂಗಿ ಬದಲಾಯಿಸಿದಾಗಲೆಲ್ಲ ಆ ಕಾಗದವೂ ಹೊಸ ಅಂಗಿಯ ಜೇಬಿಗೆ ಹೋಗುತ್ತಿತ್ತು.

ಎರಡು ಸಾವಿರದ ಒಂದರ ಡಿಸೆಂಬರ್ ಅಮಾವಾಸ್ಯೆ. ಅವತ್ತು ಒಂದರ ಹಿಂದೆ ಒಂದು ಎರಡು ಫೋಟೊ ತೆಗೆದಿದ್ದರು. ಮಾರನೆಯ ದಿನ ನಾನು ಹೋದಾಗ ಒದ್ದೆ ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು. ನೀಹಾರಿಕೆಯ ಎಡ ಅಂಚಿನಲ್ಲಿ ಒಂದು ಬಿಳಿ ಚುಕ್ಕೆ, ಸುತ್ತ ಸ್ವಲ್ಪ ಹರಡಿದ ಮಬ್ಬು.

“ಇದು ಹೊಸದಾಗಿ ಬಂದದೆ ನೋಡಿ ವಾಗೀಶ್ ಅವ್ರೇ. ಹೋದ ವರ್ಷದ್ರಲ್ಲಿ ಇರ್ಲಿಲ್ಲ.”

“ಹೋದ ವರ್ಷ ನನಗೆ ಸಕ್ಕರೆ ಕಾಯಿಲೆನೂ ಇರ್ಲಿಲ್ಲ,” ಎಂದೆ. “ಒಗ್ಗರಣೆ ಸಿಡಿದ ಹಾಗಿದೆಯಲ್ರೀ. ಇಷ್ಟು ಚೆನ್ನಾಗಿರೋ ಹುಡುಗಿ ಮುಖದಲ್ಲಿ ಇದೊಂದು ಯಾಕೆ? ತೆಗೆದ್ಬಿಡಿ.”

ಅವರು ತಕ್ಷಣ ತೆಗೆಯಲಿಲ್ಲ. ಇದನ್ನು ಅವರ ಪರವಾಗಿ ಹೇಳಲೇಬೇಕು. ಎರಡೂ ನೆಗೆಟಿವ್‌ಗಳನ್ನು ಗಾಜಿನ ಮೇಲಿಟ್ಟು ಬಹಳ ಹೊತ್ತು ನೋಡಿದರು. ಎರಡರಲ್ಲೂ ಚುಕ್ಕೆ ಒಂದೇ ಜಾಗದಲ್ಲಿತ್ತು. ಫಿಲ್ಮಿನ ಮೇಲೆ ಧೂಳು ಬಿದ್ದಿದ್ದರೆ ಒಂದರಲ್ಲಿ ಇರಬೇಕು, ಇನ್ನೊಂದರಲ್ಲಿ ಇರಬಾರದು. ಎರಡರಲ್ಲೂ ಇದೆಯೆಂದರೆ ಅದು ಲೆನ್ಸಿನದು. ಹೋದ ವರ್ಷ ಇರಲಿಲ್ಲ, ಈ ವರ್ಷ ಮಳೆ ಜೋರಾಗಿತ್ತು. ಹಾಗಾದರೆ ಲೆನ್ಸಿಗೆ ಬೂಷ್ಟು ಹಿಡಿದಿದೆ. ಮೂವತ್ತೆಂಟು ವರ್ಷದ ಸ್ಟುಡಿಯೋ ಬುದ್ಧಿ ಹೀಗೆ ಒಂದೊಂದೇ ಮೆಟ್ಟಿಲು ಸರಿಯಾಗಿ ಇಳಿದು ಬಾವಿಗೆ ಬಿತ್ತು. ನಾನು ಮೇಲೆ ನಿಂತು ಹೌದು ಹೌದು ಎಂದೆ.

ಪ್ರಿಂಟಿನ ಮೇಲೆ ತಿದ್ದಿದ್ದರೆ ಅನಾಹುತವಿರಲಿಲ್ಲ. ಆದರೆ ನೆಗೆಟಿವ್‌ನಲ್ಲೇ ತಿದ್ದಬೇಕು, ಆಗ ಮುಂದಿನ ಪ್ರಿಂಟುಗಳೆಲ್ಲ ಶುದ್ಧವಾಗಿ ಬರುತ್ತವೆ ಅನ್ನುವುದು ಅವರ ಕಸುಬಿನ ಮೊದಲ ಪಾಠ. ಬ್ಲೇಡಿನ ತುದಿಯಿಂದ, ಉಸಿರು ಬಿಗಿಹಿಡಿದು, ಎರಡೂ ನೆಗೆಟಿವ್‌ಗಳಲ್ಲಿ ಆ ಕಪ್ಪು ಚುಕ್ಕೆಯನ್ನು ಪುಡಿಪುಡಿಯಾಗಿ ಕೆರೆದರು. ಕಲೆಯಿದ್ದ ಪ್ರಿಂಟನ್ನು ಗಿರಾಕಿಯ ಕಣ್ಣಿಗೆ ಬೀಳದಂತೆ ನಾಲ್ಕು ಚೂರು ಮಾಡುವುದು ಎರಡನೆಯ ಪಾಠ. ಅದನ್ನೂ ಮಾಡಿದರು. ಸಂಜೆ ಲೆನ್ಸು ಬಿಚ್ಚಿ ನೋಡಿದರೆ ಬೂಷ್ಟಿನ ಸುಳಿವಿರಲಿಲ್ಲ. ಒರೆಸುವಾಗ ಹೋಗಿರಬೇಕು ಅಂದುಕೊಂಡರು.

ಫೋಟೊ ಗುಂಪಿಗೆ ಹೋಯಿತು. ಈ ಸಲ ನನ್ನ ಒಕ್ಕಣೆ ಸ್ವಲ್ಪ ಮೆರೆಯಿತು: ಮೂವತ್ತೆಂಟು ವರ್ಷ ಪಳಗಿದ ಕೈ ಈ ಚಿತ್ರದ ಸಣ್ಣಪುಟ್ಟ ಕಲೆಗಳನ್ನೂ ಉಳಿಸಿಲ್ಲ ಎಂಬರ್ಥದ ಒಂದು ವಾಕ್ಯ ಸೇರಿಸಿದೆ. ಹನ್ನೊಂದು ಜನ ಮೆಚ್ಚಿ ಬರೆದರು.

ಫೆಬ್ರವರಿಯಲ್ಲಿ ಗುಂಪಿನಲ್ಲಿ ಗದ್ದಲವೆದ್ದಿತು. ಯಾವುದೋ ದೇಶದ ಶಾಲೆಯೊಂದರ ಅಧ್ಯಾಪಕಿ ಆ ನೀಹಾರಿಕೆಯ ಎಡ ಅಂಚಿನಲ್ಲಿ ಹಿಂದೆ ಇಲ್ಲದ ಬೆಳಕೊಂದನ್ನು ಕಂಡುಹಿಡಿದಿದ್ದರು. ಮೋಡದೊಳಗೆ ಹುಟ್ಟುತ್ತಿರುವ ನಕ್ಷತ್ರವೊಂದು ಇದ್ದಕ್ಕಿದ್ದ ಹಾಗೆ ಉರಿದಿತ್ತು. ಯಾವತ್ತು ಉರಿಯಿತು ಅನ್ನುವುದೇ ಈಗ ಪ್ರಶ್ನೆ. ಎಲ್ಲರೂ ತಮ್ಮ ಹಳೆಯ ಫೋಟೊ ಹುಡುಕಿದರು. ಗುಂಪಿನ ಹಿರಿಯರು ಒಂದು ಪಟ್ಟಿ ತಯಾರಿಸಿದರು. ಅದರಲ್ಲಿ ಮೂರನೆಯ ಸಾಲು ಹೀಗಿತ್ತು: ಡಿಸೆಂಬರ್ ಹದಿನಾಲ್ಕರಂದು ಮೈಸೂರಿನ ಕೆ. ಮೃತ್ಯುಂಜಯ ತೆಗೆದ ಅತ್ಯಂತ ಸ್ಪಷ್ಟ ಚಿತ್ರದ ಪ್ರಕಾರ ಅಂದು ಈ ಬೆಳಕು ಇರಲಿಲ್ಲ. ಪಟ್ಟಿ ಒಂದು ಖಗೋಳ ಪತ್ರಿಕೆಯಲ್ಲಿ ಅಚ್ಚಾಗಲಿದೆ ಎಂದೂ ತಿಳಿಸಿದ್ದರು.

ಮಧುಶ್ರೀ ಇದನ್ನು ಓದಿ ಹೇಳಿ, ಅಧ್ಯಾಪಕಿಯ ಫೋಟೊ ತೆರೆದು ತೋರಿಸಿದಳು. ಚುಕ್ಕೆಯನ್ನು ನಾನು ಕಂಡ ತಕ್ಷಣ ಗುರುತು ಹಿಡಿದೆ. ಮೃತ್ಯುಂಜಯಪ್ಪ ಪರದೆಗೆ ಮೂಗು ತಾಗಿಸಿ ನೋಡುತ್ತಲೇ ಇದ್ದರು.

ಹೊರಗೆ ಬಂದ ಮೇಲೆ ನಾನೇ ಬುದ್ಧಿ ಹೇಳಿದೆ. ಆದದ್ದು ಆಯಿತು, ಹೆಸರು ಅಚ್ಚಾಗುತ್ತಿದೆ, ಸುಮ್ಮನಿದ್ದುಬಿಡಿ, ಕೆರೆದದ್ದು ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ ಎಂದೆ.

“ಹೆಸ್ರೇನೋ ಬಂತು ಕಣ್ರೀ,” ಎಂದರು. “ಸುಳ್ಳು ಸಾಕ್ಷಿ ಹೇಳಿ ಬಂತು. ಅವತ್ತು ಅದು ಇತ್ತು. ಇದ್ದದ್ದನ್ನ ಇರ್ಲಿಲ್ಲ ಅಂತ ನನ್ನ ಹೆಸ್ರಲ್ಲಿ ಬರೀತಾರೆ. ನೀವು ಬರೀರಿ, ಇತ್ತು, ನಾನೇ ತೆಗೆದ್ಬುಟ್ಟೆ ಅಂತ.”

ಬರೆಯಲು ಕೂತಾಗ ಪ್ರೇಮಲೀಲಾ ಕಾಫಿ ತಂದಿಟ್ಟು ಅಲ್ಲೇ ನಿಂತರು. “ಅವತ್ತು ನಾನು ಎರಡಕ್ಕೂ ಸೇರಿ ನಲವತ್ತು ಸಲ ಹೂಂ ಅಂದಿದೀನಿ. ನಾನೂ ಅಲ್ಲೇ ಇದ್ದೆ ಅಂತ ಬರೀರಿ ಸ್ವಾಮಿ. ಸಾಕ್ಷಿ ಬೇಕಾಗ್ತದೆ.”

ನಾನು ಅದನ್ನು ಬರೆಯಲಿಲ್ಲ. ವಿದೇಶದವರು ನಕ್ಕಾರು ಅನಿಸಿತು. ನನ್ನ ಬರಹಕ್ಕೆ ಯಾರಾದರೂ ನಕ್ಕಾರು ಎಂದು ನಾನು ಹೆದರಿದ್ದು ಅದೊಂದೇ ಸಲ.

ಉತ್ತರ ನಾಲ್ಕು ದಿನಕ್ಕೆ ಬಂತು, ಬಹಳ ಸೌಜನ್ಯದ ಉತ್ತರ. ಪ್ರಾಮಾಣಿಕತೆಗೆ ಕೃತಜ್ಞತೆ ಹೇಳಿದ್ದರು. ಕೆರೆದ ಜಾಗದಲ್ಲಿ ಏನಿತ್ತು ಎಂದು ಈಗ ಯಾರೂ ಹೇಳಲಾಗದು, ಆದ್ದರಿಂದ ಈ ಚಿತ್ರವನ್ನು ಇತ್ತು ಎನ್ನುವುದಕ್ಕೂ ಇರಲಿಲ್ಲ ಎನ್ನುವುದಕ್ಕೂ ಬಳಸುವಂತಿಲ್ಲ. ಮೂರನೆಯ ಸಾಲು ತೆಗೆದಿದ್ದೇವೆ. ಇದರ ಜೊತೆಗೆ, ಮೂವತ್ತೆಂಟು ವರ್ಷ ಪಳಗಿದ ಕೈ ಎಂದು ನೀವೇ ಬರೆದಿರುವುದರಿಂದ, ನಿಮ್ಮ ಹಿಂದಿನ ಚಿತ್ರಗಳ ಬಗ್ಗೆಯೂ ಖಾತ್ರಿ ಇಲ್ಲದಾಗಿದೆ. ಅವನ್ನೂ ಗುಂಪಿನ ಸಂಗ್ರಹದಿಂದ ತೆಗೆಯಬೇಕಾಯಿತು. ಹಿಂದಿನ ಚಿತ್ರಗಳು ಹದಿಮೂರು. ಅವುಗಳಲ್ಲಿ ಯಾವುದಕ್ಕೂ ಮೃತ್ಯುಂಜಯಪ್ಪ ಬ್ಲೇಡು ತಾಗಿಸಿರಲಿಲ್ಲ. ಅದನ್ನು ಹೇಳಿ ಎರಡು ಸಲ ಬರೆದೆವು. ಉತ್ತರ ಬರಲಿಲ್ಲ.

ಆಮೇಲೆ ಅವರು ಹೊಲಕ್ಕೆ ಹೋಗಲಿಲ್ಲ. ಹಲಗೆಗಳು ಸ್ನಾನದ ಮನೆಯಲ್ಲಿ ಸೌದೆಯ ಪಕ್ಕಕ್ಕೆ ಸೇರಿದವು. ಸ್ಟುಡಿಯೋದಲ್ಲೂ ಬ್ಲೇಡು ಮುಟ್ಟಲಿಲ್ಲ. ಉದಯಗಿರಿಯಿಂದ ಒಬ್ಬ ತಾಯಿ, ಮಗಳನ್ನು ನೋಡಲು ಬರುವವರಿಗೆ ಕಳಿಸುವ ಫೋಟೊದಲ್ಲಿ ಗಲ್ಲದ ಸುಟ್ಟ ಗಾಯ ತೆಗೆಯಬೇಕೆಂದು ಕೇಳಿದಾಗ, “ಇರೋದು ಇರ್ಲಿ ಬುಡಿ ತಾಯಿ,” ಎಂದರಂತೆ. ಆಕೆ ಅತ್ತುಕೊಂಡು ಎದುರು ಸಾಲಿನ ಅಂಗಡಿಗೆ ಹೋದಳು. ಅವರ ಸತ್ಯಕ್ಕೆ ಆ ಹುಡುಗಿ ಯಾಕೆ ಬೆಲೆ ಕೊಡಬೇಕು ಅನ್ನುವುದು ನನಗೆ ಇವತ್ತಿಗೂ ತಿಳಿಯದು. ಸದಾಶಿವಯ್ಯನವರು ಬೈಯಲಿಲ್ಲ. ಲ್ಯಾಮಿನೇಷನ್ ಯಂತ್ರದ ಮುಂದೆ ಕೂರಿಸಿದರು. ಅಷ್ಟರಲ್ಲಿ ಕಂಪ್ಯೂಟರು ಬಂದು ಪೆನ್ಸಿಲೂ ಬ್ಲೇಡೂ ಯಾರಿಗೂ ಬೇಡವಾಗಿದ್ದವು.

ಎರಡು ಸಾವಿರದ ನಾಲ್ಕರಲ್ಲಿ ಪತ್ರಿಕೆಯವರು ನನ್ನ ಹಳೆಯ ಫೋಟೊ ಬದಲಾಯಿಸಬೇಕೆಂದರು. ನಾನು ಮೃತ್ಯುಂಜಯಪ್ಪನವರಲ್ಲಿಗೇ ಹೋದೆ. ಯಜಮಾನರ ಅಪ್ಪಣೆ ಪಡೆದು ಅವರೇ ತೆಗೆದರು. ಪ್ರಿಂಟಿನಲ್ಲಿ ನನ್ನ ನರುಲಿ ಎದ್ದು ಕಾಣುತ್ತಿತ್ತು, ಕಣ್ಣ ಕೆಳಗಿನ ಚೀಲಗಳೂ ಇದ್ದವು. ಮೊದಲ ಸಲ ಅದು ನನ್ನ ಮುಖವೇ ಆಗಿತ್ತು. ಪ್ರಿಂಟಿನ ಹಿಂದೆ ಅವರ ಎದುರಿಗೇ “ಚಿತ್ರ: ಕೆ. ಮೃತ್ಯುಂಜಯ” ಎಂದು ಬರೆದೆ, ಇದನ್ನು ತಪ್ಪದೆ ಹಾಕಬೇಕೆಂದು ಸಂಪಾದಕರಿಗೆ ಚೀಟಿಯನ್ನೂ ಬರೆದೆ. ಮುಂದಿನ ಭಾನುವಾರ ಪತ್ರಿಕೆ ಎಷ್ಟು ಗಂಟೆಗೆ ಬರುತ್ತದೆ ಎಂದು ಅವರು ಕೇಳಿದರು.

ಭಾನುವಾರ ಅವರ ಮನೆಗೆ ಹೋಗುವ ಹೊತ್ತಿಗೆ ಪತ್ರಿಕೆ ಅವರ ಮೊಣಕಾಲ ಮೇಲೆ ಹರಡಿತ್ತು. ಚಿತ್ರದ ಕೆಳಗೆ ಯಾರ ಹೆಸರೂ ಇರಲಿಲ್ಲ. ಕೆನ್ನೆಯ ಮೇಲೆ ನರುಲಿಯೂ ಇರಲಿಲ್ಲ. ಪತ್ರಿಕೆಯ ಕಂಪ್ಯೂಟರಿನವರು ನನ್ನ ಮೇಲಿನ ಅಭಿಮಾನದಿಂದ ಒರೆಸಿದ್ದರು.

ನಾನು ಏನೋ ಸಮಜಾಯಿಷಿ ಹೇಳಲು ಹೊರಟೆ. ಮೃತ್ಯುಂಜಯಪ್ಪ ಕೈ ಅಡ್ಡ ಹಿಡಿದು, ಹಳೆಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ನನ್ನ ಕೆನ್ನೆಯ ಮೇಲೆ ಬಗ್ಗಿದರು, ಅಂದರೆ ಪತ್ರಿಕೆಯಲ್ಲಿದ್ದ ಕೆನ್ನೆಯ ಮೇಲೆ. ಬಹಳ ಹೊತ್ತು ನೋಡಿದರು.

“ಕೆಲ್ಸ ಚೆನ್ನಾಗಿ ಮಾಡವ್ನೆ ಕಣ್ರೀ,” ಎಂದರು. “ಏನಿತ್ತು ಅಂತ ಗೊತ್ತೇ ಆಗಲ್ಲ.”