ಎತ್ತಿನ ಗಾಡಿಯ ಟೈರು ಹಾಕಿದ ಸ್ಪೋರ್ಟ್ಸ್ ಕಾರು

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಜಪಾನಿನವರು ಮಲಯ ದೇಶವನ್ನು ಹಿಡಿದ ಮೇಲೆ ರಬ್ಬರು ಬರುವುದು ಕಡಿಮೆಯಾಗಿ, ಮದ್ರಾಸ್ ಪ್ರಾಂತ್ಯದಲ್ಲೆಲ್ಲ ಟೈರಿಗೆ ಹಾಹಾಕಾರ ಎದ್ದಿತ್ತು. ನಾನು ಆಗ ಮಡಕಶಿರಾದ ಒಂದು ಬಸ್ ಶೆಡ್ಡಿನಲ್ಲಿ ಹೆಡ್ ಫಿಟ್ಟರ್. ಹುಟ್ಟೂರು ರಾಯದುರ್ಗ. ಅಲ್ಲಿಯ ಮಾತು ನನ್ನ ನಾಲಿಗೆಯಿಂದ ಹೋಗಲಿಲ್ಲ, ಮಡಕಶಿರಾದವರು ಅದನ್ನು ಆಡಿಕೊಂಡು ನಗುವುದೂ ನಿಲ್ಲಲಿಲ್ಲ. ಎಲ್ಲರೂ ನನ್ನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು.

ಊರಿನ ಹೆಂಗಸರ ಆಸ್ಪತ್ರೆಗೆ ಇದ್ದವರು ಒಬ್ಬರೇ ಡಾಕ್ಟರು, ಸುಗುಣಮ್ಮ. ಊರು ಬಿಟ್ಟು ಹೋಗುತ್ತಿದ್ದ ಇಂಗ್ಲಿಷ್ ಅಧಿಕಾರಿಯೊಬ್ಬನಿಂದ ಅವರು ಒಂದು ಸ್ಪೋರ್ಟ್ಸ್ ಕಾರು ಕೊಂಡಿದ್ದರು. ಎರಡೇ ಸೀಟು, ಮೇಲೆ ಬಟ್ಟೆಯ ಟಾಪು, ತಂತಿ ಕಡ್ಡಿಗಳ ಚಕ್ರ. ಶೋಕಿಗೆ ಕೊಂಡದ್ದಲ್ಲ, ಮಾರಾಟಕ್ಕಿದ್ದ ಕಾರು ಅದೊಂದೇ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಳ್ಳಿಗಳಿಗೆ ಹೆರಿಗೆ ಮಾಡಿಸಲು ಅವರು ಓಡುತ್ತಿದ್ದುದು ಅದರಲ್ಲೇ. ಹಿಂದಿನ ಎರಡು ಟೈರುಗಳು ಸವೆದು ಒಳಗಿನ ಕ್ಯಾನ್ವಾಸು ಬಟ್ಟೆ ಕಾಣತೊಡಗಿದಾಗ ಹೊಸ ಟೈರಿನ ಪರ್ಮಿಟ್ಟಿಗೆ ಸರ್ಕಾರಕ್ಕೆ ಅರ್ಜಿ ಹಾಕಿದರು. ಸ್ಪೋರ್ಟ್ಸ್ ಕಾರು ಮೋಜಿನ ವಾಹನ, ಕೊಡಲಾಗದು ಎಂದು ಉತ್ತರ ಬಂತು. ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಬಾಣಂತಿಯ ಜೀವ ಉಳಿಸುವುದು ಮೋಜಂತೆ!

ಇಲ್ಲಿ ಟೈರಿನ ಅಳತೆಯ ಬಗ್ಗೆ ಎರಡು ಮಾತು ಹೇಳಬೇಕು. ಆ ಕಾರಿನ ಟೈರಿನ ಮೇಲೆ 4.50-19 ಎಂದು ಅಚ್ಚಾಗಿತ್ತು. ಮೊದಲನೆಯದು ಟೈರಿನ ಅಗಲ, ಎರಡನೆಯದು ಅದು ಕೂರುವ ರಿಮ್ಮಿನ ವ್ಯಾಸ, ಎರಡೂ ಇಂಚಿನಲ್ಲಿ. ಅಗಲದಲ್ಲಿ ಸ್ವಲ್ಪ ಹೆಚ್ಚು ಕಡಿಮೆ ನಡೆದೀತು, ವ್ಯಾಸದಲ್ಲಿ ನಡೆಯದು. ಚಕ್ರವನ್ನೇ ಬದಲಾಯಿಸೋಣವೆಂದರೆ ಬೇರೆ ಯಾವ ಕಾರಿನ ಚಕ್ರವೂ ಆ ಕಾರಿನ ಅಚ್ಚಿನ ತುದಿಯ ಹಬ್ಬಿಗೆ ಕೂರುತ್ತಿರಲಿಲ್ಲ. ನಮ್ಮ ಬಸ್ಸಿನ ಟೈರು ಇಪ್ಪತ್ತು ಇಂಚಿನದು. ಊರಿನ ವಕೀಲರೊಬ್ಬರ ಕಾರಿನದು ಹದಿನೆಂಟು. ಹತ್ತೊಂಬತ್ತು ಮಾತ್ರ ಎಲ್ಲೂ ಇಲ್ಲ.

ಹುಡುಕುತ್ತ ರಾಯದುರ್ಗಕ್ಕೆ ಹೋದೆ. ಅಲ್ಲಿ ಶೇಂಗಾ ಮಂಡಿಯ ಸಾಹುಕಾರ ಬಸಣ್ಣನವರು ತಮ್ಮ ಎತ್ತಿನ ಗಾಡಿಗಳಿಗೆ ಹೊಸದಾಗಿ ರಬ್ಬರ್ ಟೈರಿನ ಚಕ್ರ ಹಾಕಿಸಿದ್ದರು. ಮಂಡಿಯ ಮುಂದೆ ನಿಂತಿದ್ದ ಗಾಡಿಯ ಚಕ್ರವನ್ನು ಬಗ್ಗಿ ನೋಡಿದೆ. 6.00-19! ಹೆಚ್ಚುವರಿ ಎರಡು ಟೈರು ಕೇಳಿದೆ.

“ಎತ್ತಿನ ಗಾಡಿ ಟೈರು ಕಾರಿಗೆ ಹಾಕ್ತೀರಾ? ತಲಿ ಗಿಲಿ ಕೆಟ್ಟೈತೇನ್ರಿ ನಿಮಗ?” ಎಂದರು ಬಸಣ್ಣ.

“ಕಾರು ನಿಂತ್ರ ಹೆರಿಗಿ ನಿಲ್ತಾವೇನ್ರಿ, ಸಾವ್ಕಾರ್ರ?” ಎಂದೆ.

ಅವರು ನಕ್ಕರು. “ಏನಿಲ್ಲದ ಊರಾಗ ಔಡಲ ಗಿಡಾನ ದೊಡ್ಡದು ಅಂದಂಗಾತು. ತಗೊಂಡು ಹೋಗ್ರಿ.”

ಟೈರು ರಿಮ್ಮಿಗೆ ಕೂತಿತು. ಆದರೆ ಅಗಲ ಹೆಚ್ಚಾಗಿ ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ಅದರ ಅಂಚನ್ನು ಸುತ್ತಿಗೆಯಿಂದ ಬಡಿದು ಮಡಿಸಿದೆ. ಚಕ್ರ ಎತ್ತರವಾದ್ದರಿಂದ ಸ್ಪೀಡಾಮೀಟರಿನ ಮುಳ್ಳು ಹದಿನೆಂಟು ತೋರಿಸಿದಾಗ ಕಾರು ಗಂಟೆಗೆ ಇಪ್ಪತ್ತು ಮೈಲಿ ಓಡುತ್ತಿತ್ತು. ಇವೆಲ್ಲ ಸಣ್ಣ ತೊಡಕುಗಳು. ದೊಡ್ಡದು ಬೇರೆ ಇತ್ತು. ಗಾಡಿಯ ಟೈರನ್ನು ಭಾರ ಹೊರಲು ಮಾಡಿರುತ್ತಾರೆ, ಎತ್ತಿನ ನಡಿಗೆಗೆ ಮಾಡಿರುತ್ತಾರೆ. ಜೋರಾಗಿ ಓಡಿಸಿದರೆ ಅದರ ದಪ್ಪ ರಬ್ಬರು ಒಳಗೊಳಗೇ ಕಾದು, ಪದರ ಬಿಟ್ಟು, ಸಿಡಿಯುತ್ತದೆ.

“ಎಷ್ಟು ವೇಗ ತಡೆಯುತ್ತೆ ಮೇಸ್ತ್ರಿ?” ಎಂದು ಡಾಕ್ಟರಮ್ಮ ಕೇಳಿದರು.

“ಇಪ್ಪತ್ತು ದಾಟಬ್ಯಾಡ್ರಿ ಅಮ್ಮಾ.”

“ಆಗಲಿ, ಎತ್ತಿಗಿಂತ ವಾಸಿ” ಎಂದು ನಕ್ಕರು. ಆ ಇಪ್ಪತ್ತು ಯಾವ ಪುಸ್ತಕದಲ್ಲೂ ಇರಲಿಲ್ಲ. ಅದು ನನ್ನ ಅಂದಾಜು.

ಕೆಲವೇ ದಿನಗಳಲ್ಲಿ, ಒಂದು ಮಧ್ಯಾಹ್ನ, ಅಗಳಿ ಕಡೆಯ ಹಳ್ಳಿಯಿಂದ ಈರಣ್ಣ ಎಂಬ ಕುರಿಗಾರ ಯಾರದೋ ಸೈಕಲ್ ತುಳಿದುಕೊಂಡು ಬಂದ. ಹೆಂಡತಿ ಕೆಂಚಮ್ಮನಿಗೆ ಮಗು ಹುಟ್ಟಿದೆ, ಮಾಸು ಬಿದ್ದಿಲ್ಲ, ರಕ್ತ ನಿಲ್ಲುತ್ತಿಲ್ಲ ಎಂದ. ಟೈರಿನ ಮೇಲೆ ಕಣ್ಣಿಡಲು ಡಾಕ್ಟರಮ್ಮ ನನ್ನನ್ನೂ ಕರೆದುಕೊಂಡರು. ಹಳ್ಳಿಯಲ್ಲಿ ಕೈಲಾದದ್ದನ್ನೆಲ್ಲ ಮಾಡಿದ ಮೇಲೆ ಹೊರಗೆ ಬಂದು, “ಕ್ಲೋರೋಫಾರಂ ಕೊಟ್ಟೇ ತೆಗೆಯಬೇಕು. ಆಸ್ಪತ್ರೆ ಮುಟ್ಟಿಸಿದರೆ ಬದುಕ್ತಾಳೆ” ಎಂದರು. ಮಗುವನ್ನು ಅಜ್ಜಿಯ ಕೈಗೆ ಕೊಟ್ಟು, ಕೆಂಚಮ್ಮನಿಗೆ ಕಂಬಳಿ ಸುತ್ತಿ ಪಕ್ಕದ ಸೀಟಿನಲ್ಲಿ ಒರಗಿಸಿದೆವು. ಸೀಟುಗಳ ಹಿಂದೆ ಸಾಮಾನಿಡುವ ಜಾಗದಲ್ಲಿ ನಾನು ಮುದುಡಿ ಕೂತು ಅವಳ ತಲೆಗೆ ಕೈ ಕೊಟ್ಟಿದ್ದೆ. ಇನ್ನೂ ಹಳ್ಳಿಗೆ ಮರಳುತ್ತಿದ್ದ ಈರಣ್ಣ ದಾರಿಯಲ್ಲಿ ಎದುರಾಗಿ, ಸೈಕಲ್ ತಿರುಗಿಸಿ ನಮ್ಮ ಹಿಂದೆ ಬಿದ್ದ.

“ಡಾಕ್ಟ್ರಮ್ಮಾರೆ,” ಎಂದಳು ಕೆಂಚಮ್ಮ, “ಕಾರು ಅಂದ್ರೆ ಹಾರ್ಕಂಡು ಹೋಗ್ತದೆ ಅಂತಿದ್ರು. ಇದ್ಯಾಕೆ ಇಷ್ಟು ಮೆಲ್ಲುಕ್ ಹೋಗ್ತೈತೆ?”

ಡಾಕ್ಟರಮ್ಮ ಹಿಂದೆ ತಿರುಗದೆಯೇ, “ಮೇಸ್ತ್ರಿ, ಮೂವತ್ತಕ್ಕೆ ಹೋಗ್ಲಾ?” ಎಂದರು.

“ಬ್ಯಾಡ್ರಿ ಅಮ್ಮಾ. ಟೈರು ಸಿಡಿದ್ರ ಮೂರೂ ಮಂದಿ ಹೋಗ್ತೀವಿ.”

ಅವರು ನನ್ನ ಮಾತು ಕೇಳಿದರು. ಮಡಕಶಿರಾದ ಬೆಟ್ಟ ಕಣ್ಣಿಗೆ ಬಿದ್ದು ಸ್ವಲ್ಪ ಹೊತ್ತಾಗಿತ್ತು, ಕೆಂಚಮ್ಮನ ತಲೆ ನನ್ನ ಕೈಯಲ್ಲಿ ಭಾರವಾಯಿತು. ಡಾಕ್ಟರಮ್ಮ ಕಾರು ನಿಲ್ಲಿಸಿ ನಾಡಿ ಹಿಡಿದರು, ರೆಪ್ಪೆ ಬಿಡಿಸಿ ನೋಡಿದರು, ಆಮೇಲೆ ಕಂಬಳಿಯನ್ನು ಮುಖದ ಮೇಲೆ ಎಳೆದರು. ಅಯ್ಯೋ, ಆ ರಸ್ತೆಯಲ್ಲಿ ನಾವು ಎಷ್ಟು ಹೊತ್ತು ಹಾಗೇ ಇದ್ದೆವೋ! ಈರಣ್ಣ ಏದುಸಿರು ಬಿಡುತ್ತ ಬಂದು, ನಿಂತ ಕಾರನ್ನು ನೋಡಿ, “ಕೆಟ್ಟೋಯ್ತಾ ಸ್ವಾಮಿ?” ಎಂದು ಕೇಳಿದ. ಕಾರು ಕೆಟ್ಟಿರಲಿಲ್ಲ.

ಮರುದಿನ ಆ ಎರಡೂ ಟೈರುಗಳನ್ನು ಬಿಚ್ಚಿ ಒಳಗೆ ಬೆರಳಾಡಿಸಿ ನೋಡಿದೆ. ಒಂದು ಗುಳ್ಳೆ ಎದ್ದಿರಲಿಲ್ಲ, ಒಂದು ದಾರ ಸಡಿಲವಾಗಿರಲಿಲ್ಲ. ಒಳಗೆ ಹರಿದಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅಷ್ಟರಲ್ಲಿ ಡಾಕ್ಟರಮ್ಮ ಶೆಡ್ಡಿಗೆ ಬಂದು, “ಒಳಗೆ ಹೇಗಿದೆ?” ಎಂದರು.

ಪದರ ಬಿಟ್ಟಿದೆ, ಮೂವತ್ತಕ್ಕೆ ಖಂಡಿತ ಸಿಡಿಯುತ್ತಿತ್ತು ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಪಾಪ, ಡಾಕ್ಟರಮ್ಮನಿಗಾದರೂ ನಿದ್ದೆ ಬರಲಿ ಎಂದು. ಆದರೆ ಹಾಗೆ ಹೇಳಿದರೆ ಮುಂದಿನ ಬಾಣಂತಿಯೂ ಇಪ್ಪತ್ತರಲ್ಲೇ ಬರಬೇಕಾಗುತ್ತಿತ್ತು.

“ಚಲೋ ಐತ್ರಿ ಅಮ್ಮಾ. ಇನ್ನೂ ಜೋರು ತಡೀತಿತ್ತು ಅನಸ್ತೈತ್ರಿ.”

ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. “ಹಾಕಿ. ಈಗಲೇ ಓಡಿಸಿ ನೋಡೋಣ” ಎಂದರು.

ಅಗಳಿಯ ದಾರಿಯಲ್ಲೇ ಹೋದೆವು. ಕೆಂಚಮ್ಮ ಒರಗಿದ್ದ ಸೀಟಿನಲ್ಲಿ ನಾನು ಕೂತೆ. ಇಪ್ಪತ್ತೈದಕ್ಕೆ ಓಡಿಸಿ, ನಿಲ್ಲಿಸಿ, ಟೈರು ಮುಟ್ಟಿ ನೋಡಿದೆ. ಮೂವತ್ತಕ್ಕೆ ಓಡಿಸಿ ಮತ್ತೆ ನೋಡಿದೆ. ಬೆಚ್ಚಗಿತ್ತು, ಅಂಗೈ ಇಟ್ಟಿರಬಹುದಾಗಿತ್ತು. ಮೂವತ್ತೈದರಲ್ಲಿ ಕೈ ಇಡಲಾಗಲಿಲ್ಲ. ಆ ಹಳ್ಳಿಯ ತನಕ ಹೋಗಿ, ಅಲ್ಲಿಂದ ಆಸ್ಪತ್ರೆಯ ಬಾಗಿಲವರೆಗೆ ಮೂವತ್ತರಲ್ಲೇ ಬಂದೆವು. ಡಾಕ್ಟರಮ್ಮ ಇಂಜಿನ್ ನಿಲ್ಲಿಸಿ ಗಡಿಯಾರ ನೋಡಿಕೊಂಡರು.

“ಬದುಕಿರ್ತಿದ್ದಳು ಮೇಸ್ತ್ರಿ” ಎಂದು ಹೇಳಿ ಒಳಗೆ ಹೋದರು.

ಅಂದು ನಾನು ಬೇಡವೆಂದದ್ದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಗೊತ್ತಿದ್ದಷ್ಟರಲ್ಲಿ ಅದೇ ಸರಿ. ಆದರೆ ಅಂದಾಜನ್ನು ಗಾಡಿ ಖಾಲಿ ಇರುವಾಗಲೇ ಪರೀಕ್ಷಿಸಿಬಿಡಬೇಕು, ಜೀವ ಹೊತ್ತು ಬರುವ ದಿನ ಅದಕ್ಕೆ ಅವಕಾಶವಿರುವುದಿಲ್ಲ ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಆಮೇಲೆ ಆ ಟೈರುಗಳ ಮೇಲೆ ಎಷ್ಟೋ ಬಾಣಂತಿಯರು ಮೂವತ್ತು ಮೈಲಿ ವೇಗದಲ್ಲಿ ಬಂದರು, ಬದುಕಿ ಮನೆಗೆ ಹೋದರು. ಅವರಲ್ಲಿ ಯಾರಿಗೂ ಕೆಂಚಮ್ಮನ ಹೆಸರು ಗೊತ್ತಿಲ್ಲ.