ಅಪ್ಪನ ಕುರ್ಚಿಗೊಂದು ಸಿದ್ಧಾಂತ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ದಾಂಡೇಲಿಯ ಬಂಗೂರನಗರದ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದೆ. ಭೌತಶಾಸ್ತ್ರದವರಿಗೆ ತೆಂಗಿನಕಾಯಿಗೂ ಚಂದ್ರನಿಗೂ ಒಂದೇ ನಿಯಮ ಸಾಕು, ನಮ್ಮಲ್ಲಿ ಮಾತ್ರ ತಲೆಗೊಂದು ಸಿದ್ಧಾಂತ ಎಂಬುದೇ ನನ್ನ ಸಂಕಟ. ಎಲ್ಲ ಮನಸ್ಸುಗಳಿಗೂ ಸಲ್ಲುವ ಒಂದೇ ಸಿದ್ಧಾಂತ ಕಟ್ಟುವ ಹೊಣೆ ನನ್ನ ಮೇಲೆ ಬಿದ್ದಿದೆ ಎಂದು ನಂಬಿ ದೊಡ್ಡ ಲೇಖನವೊಂದನ್ನು ಬರೆಯುತ್ತಿದ್ದೆ. ಹೊಣೆ ಹೊರಿಸಿದವರು ಯಾರೆಂದು ಯಾರೂ ಕೇಳಲಿಲ್ಲ.

ಅಪ್ಪ ಕಾಗದದ ಮಿಲ್ಲಿನಿಂದ ನಿವೃತ್ತನಾಗಿ ಮನೆಯಲ್ಲಿದ್ದ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹುಬ್ಬಳ್ಳಿಗೆ ಹೋಗಿ ಆಪರೇಷನ್ ಮಾಡಿಸದಿದ್ದರೆ ಇದ್ದಷ್ಟು ದೃಷ್ಟಿಯೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಪ್ಪ ಮಾತ್ರ ಪಡಸಾಲೆಯ ಕುರ್ಚಿ ಬಿಟ್ಟು ಏಳಲೊಲ್ಲ. "ಈಗ ಆಗಂಗಿಲ್ಲ" ಎನ್ನುತ್ತಿದ್ದ, ಅಷ್ಟೇ.

ಕಾಲೇಜಿನ ಇಬ್ಬರು ಸಹೋದ್ಯೋಗಿಗಳಿಗೆ ವಿಷಯ ಹೇಳಿದೆ. ಮೂವತ್ತು ವರ್ಷ ಒಂದೇ ಯಂತ್ರ ಕಾದ ರೂಢಿ ಅದು ಎಂದರು ಒಬ್ಬರು. ಲೋಕವೇ ಕಾಣದಿರಲಿ ಎಂಬ ಸುಪ್ತ ಬಯಕೆ ಎಂದರು ಇನ್ನೊಬ್ಬರು. ಇಬ್ಬರೂ ಅಪ್ಪನನ್ನು ಕಂಡವರಲ್ಲ, ಹಾಗಾಗಿ ಇಬ್ಬರಿಗೂ ಎಳ್ಳಷ್ಟೂ ಅನುಮಾನವಿರಲಿಲ್ಲ. ಎರಡನ್ನೂ ಕಲಸಿ ಮುದ್ದೆ ಮಾಡಿ ಹನ್ನೆರಡು ಪುಟ ಬರೆದೆ. ಪ್ರಶ್ನಾವಳಿ ಹಿಡಿದು ಅಪ್ಪನನ್ನೂ ಕೇಳಿದೆ, ಕುರ್ಚಿಯಿಂದ ಏಳುವಾಗ ಯಾವ ಭಾವನೆ ಬರುತ್ತದೆ ಎಂದು. "ಮೊಣಕಾಲ ನೋಯ್ತಾವ" ಎಂದ. ಅದನ್ನು 'ಪ್ರತಿರೋಧ' ಎಂದು ಬರೆದುಕೊಂಡೆ.

ಒಂದು ಭಾನುವಾರ ಅಪ್ಪನ ಹಳೆಯ ರಿಲೀವರ್ ಬಂದ. ಹಳಿಯಾಳ ಕಡೆಯ ಸಿದ್ದಿ ಜನಾಂಗದವ, ಅಪ್ಪನ ಪಾಳಿ ಮುಗಿದ ಮೇಲೆ ಅದೇ ಯಂತ್ರಕ್ಕೆ ನಿಲ್ಲುತ್ತಿದ್ದವ. ಮಿಲ್ಲಿನಲ್ಲಿ ರಿಲೀವರ್ ಬಂದು, ಅವನಿಗೆ ಯಂತ್ರದ ಸ್ಥಿತಿಯನ್ನೆಲ್ಲ ಒಪ್ಪಿಸುವವರೆಗೆ ಯಾರೂ ಜಾಗ ಬಿಟ್ಟು ಕದಲುವಂತಿರಲಿಲ್ಲ. ಅದಕ್ಕೆ ಚಾರ್ಜ್ ಕೊಡುವುದು ಎನ್ನುತ್ತಿದ್ದರು. ನನ್ನ ಗೋಳು ಕೇಳಿ ಅವನು ಸೀದಾ ಹೋಗಿ ಅಪ್ಪನ ಮುಂದೆ ನಿಂತ.

"ಬಂದೇನ್ರಿ ಅಣ್ಣಾರ. ಚಾರ್ಜ್ ಕೊಡ್ರಿ."

ಅಪ್ಪ ಎದ್ದೇಬಿಟ್ಟ. ಅವ್ವ ಪಾತ್ರೆ ತೊಳೆಯುತ್ತಿದ್ದ ಅಡುಗೆಮನೆಯತ್ತ ಕಿವಿಕೊಟ್ಟು, ದನಿ ತಗ್ಗಿಸಿದ.

"ಆರಕ್ಕ ನಳಾ ಬರತೈತಿ. ಕೊಡಾ ಆಕಿಗೆ ಎತ್ತಾಕ ಬಿಡಬ್ಯಾಡ. ಎರಡ ಸಲ ತಲಿ ತಿರುಗಿ ಬಿದ್ದಾಳ. ಇಲ್ಲಿ ಕುಂತ್ರ ಒಳಗಿನ ಸಪ್ಪಳ ಕೇಳತೈತಿ. ಸಪ್ಪಳ ನಿಂತ್ರ ಹೋಗಿ ನೋಡು."

"ಮಗಗ ಹೇಳಿಲ್ಲೇನ್ರಿ?"

"ಆಕೀನ ಬ್ಯಾಡ ಅಂದಾಳ. ಅಂವಾ ಮನಸಿನ ಬಗ್ಗೆ ಏನೋ ದೊಡ್ಡದು ಬರೀಲಿಕ್ಕತ್ತಾನ."

ನಾನು ಮೂರು ಮಾರು ದೂರದಲ್ಲಿ ನಿಂತಿದ್ದೆ. ಅಪ್ಪನಿಗೆ ಕಂಡಿರಲಿಲ್ಲ. ಹತ್ತಿರ ಹೋಗಿ, "ಅಪ್ಪಾ, ಚಾರ್ಜ್ ನನಗ ಕೊಡು" ಎಂದೆ.

ಅಪ್ಪ ನನ್ನ ದನಿಯತ್ತ ಮುಖ ತಿರುಗಿಸಿದ. ಆಮೇಲೆ ರಿಲೀವರನನ್ನು ಕೇಳಿದ:

"ಇಂವಗ ಕೆಲಸ ಬರತೈತೇನೋ?"